ವಿಮಾನ ಟಿಕೆಟ್: ದರಪಟ್ಟಿ ಹೋಗುತ್ತಿದೆ, ನಿಯಮ ಅಲ್ಲೇ ನಿಂತಿದೆ

ಸಂಪಾದಕರಿಗೆ,

ಮಾನ್ಯರೇ,

ದಸರಾ, ದೀಪಾವಳಿ, ಬೇಸಿಗೆ ರಜೆ ಹತ್ತಿರ ಬಂದರೆ ಸಾಕು, ವಿಮಾನ ದರ ಗಗನಕ್ಕೇರಿದ ಸುದ್ದಿ ನಿಮ್ಮ ಪತ್ರಿಕೆಯಲ್ಲಿ ಬರುತ್ತದೆ. ಅದರ ಬೆನ್ನಿಗೇ ವಾಚಕರ ಪತ್ರಗಳೂ ಬರುತ್ತವೆ. ಅವುಗಳಲ್ಲಿ ಎರಡು ದೂರು ಖಾಯಂ. ಏಜೆಂಟರು ಸೀಟು ಬ್ಲಾಕ್ ಮಾಡಿಟ್ಟು ದರ ಏರಿಸುತ್ತಾರೆ ಎಂಬುದು ಒಂದು. ಎರಡು ಸಲ ಹುಡುಕಿದರೆ ಮೊಬೈಲ್ ನಮ್ಮನ್ನು ಗುರುತು ಹಿಡಿದು ದರ ಹೆಚ್ಚಿಸುತ್ತದೆ ಎಂಬುದು ಇನ್ನೊಂದು. ದಿನವಿಡೀ ಟಿಕೆಟಿಂಗ್ ಕೌಂಟರ್‌ನಲ್ಲಿ ಕೂರುವ ನಮಗೆ ಈ ಎರಡೂ ವಿವರಣೆ ಸಾಲದು ಅನಿಸುತ್ತದೆ. ಟಿಕೆಟಿನ ದರ ಮೊದಲೇ ಬರೆದಿಟ್ಟ ಪಟ್ಟಿಯಿಂದ ಬರುವುದು ನಿಧಾನವಾಗಿ ನಿಲ್ಲುತ್ತಿದೆ. ಕೇಳಿದ ಕ್ಷಣದಲ್ಲಿ, ಕೇಳಿದವರಿಗಾಗಿ ತಯಾರಾಗುವ ದರದ ಕಾಲ ಶುರುವಾಗಿದೆ. ನಮ್ಮ ನಿಯಮಗಳು, ನಮ್ಮ ಪ್ರಯಾಣಿಕರ ಅಭ್ಯಾಸಗಳು ಮಾತ್ರ ಇನ್ನೂ ಆ ಪಟ್ಟಿಯನ್ನೇ ನಂಬಿಕೊಂಡಿವೆ. ಈ ಪತ್ರ ಅದರ ಬಗ್ಗೆ.

ಮೊದಲು ಹಳೆಯ ವ್ಯವಸ್ಥೆ. ಅಮೆರಿಕನ್ ಏರ್‌ಲೈನ್ಸ್ ಮತ್ತು ಐಬಿಎಂ ಸೇರಿ 1960ರ ದಶಕದಲ್ಲಿ ಕಟ್ಟಿದ ಸೇಬರ್ ಎಂಬ ಸೀಟು ಬುಕಿಂಗ್ ಕಂಪ್ಯೂಟರ್ ವ್ಯವಸ್ಥೆ, 1976ರಲ್ಲಿ ಟ್ರಾವೆಲ್ ಏಜೆಂಟರ ಮೇಜಿಗೆ ಬಂತು. 1987ರಲ್ಲಿ ಏರ್ ಫ್ರಾನ್ಸ್, ಲುಫ್ತಾನ್ಸಾ, ಐಬೀರಿಯಾ, ಎಸ್‌ಎಎಸ್ ಏರ್‌ಲೈನ್‌ಗಳು ಸೇರಿ ಅಂಥದೇ ಅಮೆಡಿಯಸ್ ಹುಟ್ಟುಹಾಕಿದವು. ಗೆಲಿಲಿಯೊ ಮತ್ತು ವರ್ಲ್ಡ್‌ಸ್ಪ್ಯಾನ್ ಈಗ ಟ್ರಾವೆಲ್‌ಪೋರ್ಟ್ ಎಂಬ ಒಂದೇ ಸಂಸ್ಥೆಯ ಕೈಯಲ್ಲಿವೆ. ಇವನ್ನೆಲ್ಲ ಸೇರಿಸಿ ನಾವು ಜಿಡಿಎಸ್ (ಜಾಗತಿಕ ವಿತರಣಾ ವ್ಯವಸ್ಥೆ) ಅನ್ನುತ್ತೇವೆ. ಸೇಬರ್, ಅಮೆಡಿಯಸ್ ಎರಡಕ್ಕೂ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೇಂದ್ರಗಳಿವೆ. ಆದರೂ ಈ ಹೆಸರುಗಳು ನಮ್ಮ ಪ್ರಯಾಣಿಕರಲ್ಲಿ ಎಷ್ಟು ಮಂದಿಯ ಕಿವಿಗೆ ಬಿದ್ದಿವೆಯೋ!

ಜಿಡಿಎಸ್‌ನಲ್ಲಿ ದರ ಒಂದು ಕಡೆ, ವೇಳಾಪಟ್ಟಿ ಇನ್ನೊಂದು ಕಡೆ, ಸೀಟಿನ ಲೆಕ್ಕ ಮತ್ತೊಂದು ಕಡೆ ಇರುತ್ತದೆ. ಏರ್‌ಲೈನ್‌ಗಳು ತಮ್ಮ ದರಗಳನ್ನು ಎಟಿಪಿಸಿಒ ಎಂಬ ಸಂಸ್ಥೆಗೆ ಸಲ್ಲಿಸುತ್ತವೆ, ಅದು ಎಲ್ಲ ಜಿಡಿಎಸ್‌ಗಳಿಗೂ ಹಂಚುತ್ತದೆ. ಸೀಟಿನ ಲೆಕ್ಕ ಏರ್‌ಲೈನ್ ಬಳಿಯೇ ಉಳಿಯುತ್ತದೆ. ಬೆಂಗಳೂರಿಂದ ದುಬೈಗೆ ಒಂದು ದಿನಾಂಕ ಕೊಟ್ಟು ಕೇಳಿದರೆ ನಮ್ಮ ಪರದೆಯಲ್ಲಿ ಬರುವುದು ಹೀಗೆ: ವೈ9 ಬಿ9 ಎಂ9 ಎಚ್4 ಕ್ಯೂ2 ಕೆ0. ಪ್ರತಿ ಅಕ್ಷರವೂ ಒಂದು ದರದ ಬಕೆಟ್, ಪಕ್ಕದ ಅಂಕಿ ಅದರಲ್ಲಿ ಮಾರಾಟಕ್ಕಿರುವ ಸೀಟು. 9 ಎಂದರೆ ಒಂಬತ್ತು ಅಥವಾ ಅದಕ್ಕಿಂತ ಹೆಚ್ಚು. ಇವೆಲ್ಲ ಎಕಾನಮಿಯೇ, ಸೀಟೂ ಒಂದೇ, ಊಟವೂ ಹೆಚ್ಚುಕಡಿಮೆ ಒಂದೇ. ದರ ಮತ್ತು ರದ್ದತಿಯ ಷರತ್ತು ಮಾತ್ರ ಬೇರೆ. ಇಂಗ್ಲಿಷ್ ವರ್ಣಮಾಲೆಯಲ್ಲಿರುವುದು 26 ಅಕ್ಷರ. ಬಿಸಿನೆಸ್, ಫಸ್ಟ್, ಮೈಲೇಜ್ ಟಿಕೆಟ್, ಗ್ರೂಪ್ ಎಂದು ಕೆಲವನ್ನು ತೆಗೆದಿಟ್ಟರೆ ಎಕಾನಮಿಗೆ ಉಳಿಯುವುದು ಇನ್ನೂ ಕಡಿಮೆ.

ಇಲ್ಲೇ ಒಂದು ಉಪಯೋಗದ ವಿಷಯ ಹೇಳಿಬಿಡುತ್ತೇವೆ. ಮೇಲಿನ ಪರದೆಯಲ್ಲಿ ಕ್ಯೂ ದರ 5,200 ರೂಪಾಯಿ, ಎಚ್ ದರ 6,100 ರೂಪಾಯಿ ಎಂದು ಲೆಕ್ಕಕ್ಕೆ ಇಟ್ಟುಕೊಳ್ಳಿ. ನಾಲ್ಕು ಜನರ ಕುಟುಂಬ ಒಟ್ಟಿಗೆ ಹುಡುಕಿದರೆ, ಕ್ಯೂನಲ್ಲಿ ಎರಡೇ ಸೀಟು ಇರುವುದರಿಂದ ನಾಲ್ವರಿಗೂ ಎಚ್ ದರವೇ ಬೀಳುತ್ತದೆ: 24,400. ಇಬ್ಬಿಬ್ಬರಂತೆ ಎರಡು ಸಲ ಮಾಡಿದರೆ 22,600. ಹಾಗಾಗಿ ಮೂರಕ್ಕಿಂತ ಹೆಚ್ಚು ಜನ ಹೊರಟಿದ್ದರೆ ಮೊದಲು ಒಬ್ಬರಿಗೆ, ಆಮೇಲೆ ಎಲ್ಲರಿಗೂ ದರ ನೋಡಿ. ತಲಾ ದರ ಬೇರೆ ಬಂದರೆ ಬಕೆಟ್ ಖಾಲಿಯಾಗುತ್ತಿದೆ ಎಂದರ್ಥ. ಹೀಗೆ ಒಡೆದು ಮಾಡಿದರೆ ಪಿಎನ್‌ಆರ್ ಎರಡಾಗುತ್ತದೆ ಎಂಬುದನ್ನೂ ನೆನಪಿಡಿ. ವಿಮಾನ ರದ್ದಾಗಿ ಬೇರೆ ವಿಮಾನಕ್ಕೆ ಹಾಕುವಾಗ ಇಬ್ಬರು ಬೆಳಗ್ಗೆ, ಇಬ್ಬರು ರಾತ್ರಿ ಎಂದಾಗಬಹುದು. ಮಕ್ಕಳನ್ನು ದೊಡ್ಡವರ ಪಿಎನ್‌ಆರ್‌ನಲ್ಲೇ ಇಡಿ, ಮತ್ತು ಎರಡು ಪಿಎನ್‌ಆರ್‌ಗಳನ್ನೂ ಒಂದಕ್ಕೊಂದು ಜೋಡಿಸಿ ಟಿಪ್ಪಣಿ ಹಾಕುವಂತೆ ಏರ್‌ಲೈನ್‌ಗೆ ಹೇಳಿ.

ಇನ್ನು ಬ್ಲಾಕ್ ಮಾಡುವ ದೂರು. ಜಿಡಿಎಸ್‌ನಲ್ಲಿ ಸುಳ್ಳು ಹೆಸರಿಟ್ಟು ಸೀಟು ಹಿಡಿದಿಡುವ ಕಾಲ ಹೋಯಿತು. ಬುಕಿಂಗ್‌ಗೆ ಟಿಕೆಟ್ ಮಾಡುವ ಗಡುವು ಇರುತ್ತದೆ, ಗಡುವು ಮೀರಿದರೆ ಅದು ತಾನಾಗಿಯೇ ರದ್ದಾಗುತ್ತದೆ. ಒಂದೇ ಪ್ರಯಾಣಿಕರಿಗೆ ಮತ್ತೆ ಮತ್ತೆ ಬುಕ್ ಮಾಡಿ ರದ್ದು ಮಾಡಿದರೆ ಏರ್‌ಲೈನ್ ಎಡಿಎಂ ಕಳಿಸುತ್ತದೆ, ಅಂದರೆ ಏಜೆನ್ಸಿಯ ಖಾತೆಯಿಂದ ದಂಡ ಕಡಿತ. ಆದರೆ ದೂರು ಪೂರ್ತಿ ಸುಳ್ಳೂ ಅಲ್ಲ. ಸೀರೀಸ್ ಫೇರ್ ಎಂಬುದೊಂದಿದೆ. ದೊಡ್ಡ ಸಗಟು ಏಜೆಂಟರು ಬೇಡಿಕೆಯಿರುವ ಮಾರ್ಗಗಳಲ್ಲಿ ಸೀಟುಗಳನ್ನು ಮುಂಚೆಯೇ ದುಡ್ಡು ಕಟ್ಟಿ ಕೊಳ್ಳುತ್ತಾರೆ, ಹೆಸರು ಆಮೇಲೆ ಸೇರಿಸುತ್ತಾರೆ, ಸಣ್ಣ ಏಜೆಂಟರಿಗೆ ಪೋರ್ಟಲ್‌ಗಳ ಮೂಲಕ ಮಾರುತ್ತಾರೆ. ಹಬ್ಬದ ಹಿಂದಿನ ದಿನ ಏರ್‌ಲೈನ್ ವೆಬ್‌ಸೈಟ್‌ಗಿಂತ ಅಗ್ಗದ ಟಿಕೆಟ್ ಯಾರಾದರೂ ಕೊಟ್ಟರೆ ಅದು ಬಹುಶಃ ಇದೇ. ವಂಚನೆ ಅಲ್ಲ. ಆದರೆ ಸಾಮಾನ್ಯವಾಗಿ ದಿನಾಂಕ ಬದಲಿಸಲು ಬರುವುದಿಲ್ಲ, ವಾಪಸಾತಿಯೂ ಇಲ್ಲ. ಕೊಳ್ಳುವಾಗಲೇ ಕೇಳಿ ತಿಳಿಯಬೇಕು.

ಎರಡು ಸಲ ಹುಡುಕಿದರೆ ದರ ಏರುವುದೇಕೆ? ಒಂದು ಟಿಕೆಟ್ ಮಾರಾಟವಾಗುವ ಮೊದಲು ಲೆಕ್ಕವಿಲ್ಲದಷ್ಟು ಹುಡುಕಾಟಗಳು ನಡೆಯುತ್ತವೆ. ಪ್ರತಿ ಹುಡುಕಾಟಕ್ಕೂ ಏರ್‌ಲೈನ್‌ನ ಕಂಪ್ಯೂಟರಿಗೆ ಹೋಗಿ ಕೇಳುವುದು ದುಬಾರಿ. ಹಾಗಾಗಿ ಪೋರ್ಟಲ್‌ಗಳು ಸ್ವಲ್ಪ ಹೊತ್ತಿನ ಹಿಂದೆ ಬಂದ ಉತ್ತರವನ್ನೇ ಉಳಿಸಿಟ್ಟುಕೊಂಡು ಮೊದಲ ಪಟ್ಟಿಯಲ್ಲಿ ತೋರಿಸುತ್ತವೆ. ನೀವು ವಿಮಾನ ಆರಿಸಿ ಮುಂದಕ್ಕೆ ಹೋದಾಗ ನಿಜವಾದ ದರ ಕೇಳುತ್ತವೆ. ಅಷ್ಟರಲ್ಲಿ ಕ್ಯೂ ಮುಗಿದು ಎಚ್ ಬಂದಿರುತ್ತದೆ. ಗುರುತು ಉಳಿಸದ ಇನ್‌ಕಾಗ್ನಿಟೊ ವಿಂಡೊ ತೆರೆದು ಹುಡುಕಿದರೂ ಎಚ್ ಎಚ್ಚೇ. ದರ ನಿಜವಾಗಿ ಬದಲಾಗುವುದು ಯಾವ ದೇಶದಿಂದ ಕೊಳ್ಳುತ್ತೀರಿ ಎಂಬುದರ ಮೇಲೆ. ಅದೇ ದುಬೈ ವಿಮಾನವನ್ನು ಮಗ ದುಬೈಯಿಂದ ದಿರ್ಹಮ್‌ನಲ್ಲಿ ಕೊಂಡರೆ ಒಂದು, ಅಪ್ಪ ಮಂಗಳೂರಿನಲ್ಲಿ ರೂಪಾಯಿಯಲ್ಲಿ ಕೊಂಡರೆ ಇನ್ನೊಂದು ಆಗಬಹುದು. ಎರಡನ್ನೂ ಹೋಲಿಸಿ ನೋಡಿ. ಆದರೆ ರದ್ದಾದರೆ ಹಣ ಮರಳುವುದು ಕೊಟ್ಟ ಕಾರ್ಡಿಗೇ, ಅದೇ ಕರೆನ್ಸಿಯಲ್ಲೇ.

ಕನೆಕ್ಷನ್ ಟಿಕೆಟ್‌ಗಳದು ಬೇರೆಯೇ ಲೆಕ್ಕ. ಮಂಗಳೂರು–ಮುಂಬೈ–ಲಂಡನ್ ಒಟ್ಟಾಗಿ ಕೇಳಿದಾಗ ತೆರೆಯುವ ಅಗ್ಗದ ಬಕೆಟ್, ಮುಂಬೈ–ಲಂಡನ್ ಮಾತ್ರ ಕೇಳಿದರೆ ಮುಚ್ಚಿರಬಹುದು. ಪ್ರಯಾಣದ ಒಂದೊಂದು ಹಾರಾಟವೂ ಒಂದು ಸೆಗ್ಮೆಂಟ್, ಇವು ಗಂಟುಹಾಕಿದ ಸೆಗ್ಮೆಂಟ್‌ಗಳು. ಅದಕ್ಕೇ, ಮಂಗಳೂರಿಂದ ಮುಂಬೈಗೆ ರೈಲಿನಲ್ಲಿ ಹೋಗಿ ಅಲ್ಲಿಂದ ಹತ್ತುತ್ತೇನೆ ಎಂದು ಹೊರಟವರಿಗೆ ಕೌಂಟರ್‌ನಲ್ಲಿ ಬೋರ್ಡಿಂಗ್ ಪಾಸ್ ಸಿಗುವುದಿಲ್ಲ. ಮೊದಲ ವಿಮಾನಕ್ಕೆ ನೋ-ಶೋ ಆದ, ಅಂದರೆ ಹತ್ತದೆ ಬಿಟ್ಟ, ಕೂಡಲೇ ಮುಂದಿನದೆಲ್ಲ ತಾನಾಗಿ ರದ್ದು. ಇದಕ್ಕೆ ತದ್ವಿರುದ್ಧವಾದುದು ಕೆಲವು ಪೋರ್ಟಲ್‌ಗಳು ಎರಡು ಬೇರೆ ಬೇರೆ ಏರ್‌ಲೈನ್‌ಗಳ ಎರಡು ಬೇರೆ ಟಿಕೆಟ್‌ಗಳನ್ನು ಸೇರಿಸಿ ಒಂದೇ ಪ್ರಯಾಣದಂತೆ ತೋರಿಸುವುದು. ನೋಡಲು ಅಗ್ಗ. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಯಾವ ಏರ್‌ಲೈನೂ ಹೊಣೆ ಹೊರುವುದಿಲ್ಲ. ಬ್ಯಾಗನ್ನು ನಡುವಿನ ಊರಿನಲ್ಲಿ ನೀವೇ ಇಳಿಸಿಕೊಂಡು ಮತ್ತೆ ಚೆಕ್-ಇನ್ ಮಾಡಬೇಕು, ಅದಕ್ಕೆ ಆ ದೇಶದ ವೀಸಾ ಬೇಕಾಗಬಹುದು.

ಇಷ್ಟೂ ಹಳೆಯ ಪದ್ಧತಿ. ಇದನ್ನು ಬದಲಿಸಲು ಏರ್‌ಲೈನ್‌ಗಳಿಗೆ ಏಕಿಷ್ಟು ಆತುರ? ದುಡ್ಡು. ಜಿಡಿಎಸ್‌ನಲ್ಲಿ ಆಗುವ ಪ್ರತಿ ಸೆಗ್ಮೆಂಟ್‌ಗೆ ಏರ್‌ಲೈನ್ ಶುಲ್ಕ ಕೊಡುತ್ತದೆ. ಅದರಲ್ಲಿ ಒಂದು ಪಾಲನ್ನು ಜಿಡಿಎಸ್ ಕಂಪನಿಗಳು ಪ್ರೋತ್ಸಾಹಧನವೆಂದು ಏಜೆಂಟರಿಗೇ ಕೊಡುತ್ತವೆ. ಏರ್‌ಲೈನ್‌ನಿಂದ ಕಮಿಷನ್ ನಿಂತ ಮೇಲೆ ನಮ್ಮ ಅಂಗಡಿಗಳು ನಿಂತಿರುವುದು ಇದರ ಮತ್ತು ಪ್ರಯಾಣಿಕರಿಂದ ಪಡೆಯುವ ಸರ್ವಿಸ್ ಚಾರ್ಜ್‌ನ ಮೇಲೆ. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಈ ವೆಚ್ಚವೇ ಬೇಡವೆಂದು 2003ರಲ್ಲಿ ಬೆಂಗಳೂರಿನಿಂದ ಹಾರಲು ಶುರುಮಾಡಿದ ಏರ್ ಡೆಕ್ಕನ್ ವೆಬ್‌ಸೈಟ್‌ನಲ್ಲಿ, ಫೋನಿನಲ್ಲಿ, ಕೊನೆಗೆ ಪೆಟ್ರೋಲ್ ಬಂಕ್‌ಗಳಲ್ಲೂ ಟಿಕೆಟ್ ಮಾರಿತು. ದೊಡ್ಡ ಏರ್‌ಲೈನ್‌ಗಳಿಗೆ ಆ ಧೈರ್ಯ ಬರಲು ವರ್ಷಗಳೇ ಬೇಕಾದವು. 2015ರ ಸೆಪ್ಟೆಂಬರ್ 1ರಿಂದ ಲುಫ್ತಾನ್ಸಾ ಸಮೂಹ ಜಿಡಿಎಸ್ ಮೂಲಕ ಮಾಡುವ ಪ್ರತಿ ಟಿಕೆಟ್‌ಗೆ 16 ಯೂರೊ ಹೆಚ್ಚುವರಿ ಹಾಕಿತು. 2017ರಲ್ಲಿ ಬ್ರಿಟಿಷ್ ಏರ್‌ವೇಸ್, 2018ರಲ್ಲಿ ಏರ್ ಫ್ರಾನ್ಸ್–ಕೆಎಲ್‌ಎಂ, 2021ರಲ್ಲಿ ಎಮಿರೇಟ್ಸ್ ಅದೇ ದಾರಿ ಹಿಡಿದವು. ಒಂದೇ ವಿಮಾನಕ್ಕೆ ಏರ್‌ಲೈನ್ ವೆಬ್‌ಸೈಟ್‌ನಲ್ಲಿ ಒಂದು ದರ, ಏಜೆಂಟರ ಪರದೆಯಲ್ಲಿ ಇನ್ನೊಂದು ದರ ಕಾಣಲು ಇದೂ ಒಂದು ಕಾರಣ. ಎಲ್ಲ ವ್ಯತ್ಯಾಸವನ್ನೂ ಏಜೆಂಟರ ಜೇಬಿಗೆ ಬರೆಯಬೇಡಿ.

ಇದರ ಜೊತೆಗೇ ಬಂದದ್ದು ಎನ್‌ಡಿಸಿ (ನ್ಯೂ ಡಿಸ್ಟ್ರಿಬ್ಯೂಷನ್ ಕೇಪಬಿಲಿಟಿ). ಏರ್‌ಲೈನ್‌ಗಳ ಜಾಗತಿಕ ಸಂಘಟನೆ ಐಎಟಿಎ 2012ರ ಅಕ್ಟೋಬರ್‌ನಲ್ಲಿ ಒಪ್ಪಿದ ಈ ಸಂದೇಶ ಮಾನದಂಡಕ್ಕೆ ಅಮೆರಿಕದ ಸಾರಿಗೆ ಇಲಾಖೆ 2014ರಲ್ಲಿ ಅನುಮತಿ ಕೊಟ್ಟಿತು. ಇದರಲ್ಲಿ ಏಜೆಂಟರ ಕಂಪ್ಯೂಟರ್ ದರ ಮತ್ತು ಸೀಟನ್ನು ಬೇರೆ ಬೇರೆ ಕಡೆಯಿಂದ ತಂದು ಜೋಡಿಸುವುದಿಲ್ಲ. ಯಾರು, ಎಲ್ಲಿಂದ, ಎಷ್ಟು ಜನ, ಯಾವ ಏಜೆನ್ಸಿ ಎಂಬ ವಿವರದೊಂದಿಗೆ ನೇರ ಏರ್‌ಲೈನ್‌ಗೆ ಕೋರಿಕೆ ಹೋಗುತ್ತದೆ. ಏರ್‌ಲೈನ್ ಒಂದು ಆಫರ್ ತಯಾರಿಸಿ, ಅದಕ್ಕೊಂದು ಸಂಖ್ಯೆ ಹಾಗೂ ಅವಧಿ ಕೊಟ್ಟು ಕಳಿಸುತ್ತದೆ. ಅವಧಿಯೊಳಗೆ ಒಪ್ಪಿದರೆ ಅದು ಆರ್ಡರ್ ಆಗುತ್ತದೆ. ಅಕ್ಷರಗಳ ಹಂಗು ಇಲ್ಲದಿರುವುದರಿಂದ 5,200 ಮತ್ತು 6,100ರ ನಡುವೆ 5,640 ಎಂಬ ದರವನ್ನೂ ಕೊಡಬಹುದು. ಬ್ಯಾಗು, ಸೀಟು, ಊಟ ಸೇರಿಸಿ ಒಂದು ಕಟ್ಟಾಗಿಯೂ ಕೊಡಬಹುದು. ಮುಂದೆ ಪಿಎನ್‌ಆರ್, ಇ-ಟಿಕೆಟ್ ಎರಡನ್ನೂ ತೆಗೆದು ಒಂದೇ ಆರ್ಡರ್ ದಾಖಲೆ ಇಡುವುದು ಐಎಟಿಎ ಗುರಿ.

ತಂತ್ರಜ್ಞಾನವಾಗಿ ಇದು ಒಳ್ಳೆಯದೇ, ನಮಗೆ ತಕರಾರಿಲ್ಲ. ಹಳೆಯ ಪರದೆಯಲ್ಲಿ ಸಸ್ಯಾಹಾರದ ಊಟ ಹೇಳಲೂ ನಾಲ್ಕಕ್ಷರದ ಸಂಕೇತ ಬಾಯಿಪಾಠ ಮಾಡಬೇಕಿತ್ತು. ತೊಂದರೆ ಶುರುವಾಗುವುದು ಟಿಕೆಟ್ ಕೊಂಡ ನಂತರ. ಮಾರುವ ಭಾಗವನ್ನು ಎಲ್ಲರೂ ಬೇಗ ಕಟ್ಟಿದರು. ಬದಲಿಸುವ, ರದ್ದು ಮಾಡುವ, ಹೆಸರು ತಿದ್ದುವ ಭಾಗ ಹಿಂದೆ ಬಿತ್ತು. ಅಮೆರಿಕನ್ ಏರ್‌ಲೈನ್ಸ್ 2023ರ ಏಪ್ರಿಲ್‌ನಲ್ಲಿ ತನ್ನ ದರಗಳ ದೊಡ್ಡ ಪಾಲನ್ನು ಹಳೆಯ ಜಿಡಿಎಸ್ ಕೊಳವೆಯಿಂದ ಹಿಂತೆಗೆಯಿತು. ಕಾರ್ಪೊರೇಟ್ ಗಿರಾಕಿಗಳನ್ನು ನೋಡಿಕೊಳ್ಳುವ ಏಜೆನ್ಸಿಗಳು ಬೇರೆ ಏರ್‌ಲೈನ್‌ಗಳತ್ತ ತಿರುಗಿದವು. 2024ರ ಮೇ ತಿಂಗಳಲ್ಲಿ ಕಂಪನಿ ಆದಾಯದ ಅಂದಾಜು ಇಳಿಸಿತು, ವಾಣಿಜ್ಯ ಮುಖ್ಯಸ್ಥರು ಹುದ್ದೆ ಬಿಟ್ಟರು, ಹಿಂತೆಗೆದ ದರಗಳು ವಾಪಸ್ ಬಂದವು. ಭಾರತದ ಏರ್‌ಲೈನ್‌ಗಳು ಇದನ್ನು ನೋಡಿ ಕಲಿಯುವುದು ಒಳ್ಳೆಯದು.

ಎಲ್ಲಿ ಕೆಡುತ್ತದೆ ಎಂದು ಸ್ವಲ್ಪ ಬಿಡಿಸಿ ಹೇಳಬೇಕು. ಜಿಡಿಎಸ್‌ನಲ್ಲಿ ವಿಮಾನದ ಸಮಯ ಬದಲಾದರೆ ಬುಕಿಂಗ್‌ನ ಸ್ಥಿತಿ ಎಚ್‌ಕೆ (ಖಚಿತ) ಇದ್ದದ್ದು ಟಿಕೆ (ಸಮಯ ಬದಲು) ಆಗುತ್ತದೆ. ವಿಮಾನವೇ ರದ್ದಾದರೆ ಯುಎನ್. ಆ ಬುಕಿಂಗ್ ತಾನಾಗಿ ಏಜೆನ್ಸಿಯ ಸರದಿ ಪಟ್ಟಿಯಲ್ಲಿ ಬಂದು ಬೀಳುತ್ತದೆ. ಬೆಳಗ್ಗೆ ಅಂಗಡಿ ತೆರೆದವರ ಮೊದಲ ಕೆಲಸ ಆ ಪಟ್ಟಿ ಖಾಲಿ ಮಾಡುವುದು. ಹೊಸ ವ್ಯವಸ್ಥೆಯಲ್ಲಿ ಏರ್‌ಲೈನ್ ಆರ್ಡರ್ ಬದಲಾದ ಸಂದೇಶವನ್ನು ನಡುವಿನ ಪೋರ್ಟಲ್‌ಗೆ ಕಳಿಸುತ್ತದೆ. ಪೋರ್ಟಲ್ ಅದನ್ನು ಸ್ವೀಕರಿಸುವ ಭಾಗ ಕಟ್ಟಿರದಿದ್ದರೆ ಸಂದೇಶ ಅಲ್ಲೇ ಸಾಯುತ್ತದೆ. ಏಜೆಂಟರಿಗೂ ಗೊತ್ತಾಗುವುದಿಲ್ಲ, ಪ್ರಯಾಣಿಕರಿಗೂ ಗೊತ್ತಾಗುವುದಿಲ್ಲ. ಇದರ ಮೇಲೆ ನಮ್ಮವರದೊಂದು ಕೆಟ್ಟ ಅಭ್ಯಾಸ: ಗಿರಾಕಿ ಕೈತಪ್ಪಿ ಹೋಗುತ್ತಾರೆಂದು ಪ್ರಯಾಣಿಕರ ಮೊಬೈಲ್ ಬದಲು ಅಂಗಡಿಯ ನಂಬರ್ ಹಾಕುವುದು. ಬುಕಿಂಗ್ ವೇಳೆ ಸರಿಯಾದ ಸಂಪರ್ಕ ವಿವರ ಕೊಡದವರಿಗೆ ರದ್ದತಿಯ ಆರ್ಥಿಕ ಪರಿಹಾರ ಸಲ್ಲದು ಎಂದು ದೇಶದ ವಿಮಾನಯಾನ ನಿಯಂತ್ರಕ ಡಿಜಿಸಿಎಯ ನಿಯಮದಲ್ಲೇ ಇದೆ. ಅಂಗಡಿಯ ನಂಬರಿನಿಂದ ನಷ್ಟವಾಗುವುದು ಪ್ರಯಾಣಿಕರಿಗೆ.

ಟಿಕೆಟ್ ಕೈಗೆ ಬಂದ ಕೂಡಲೇ ನೋಡಬೇಕಾದ್ದು ಇಷ್ಟು. ಏಜೆಂಟರ ಕಾಗದದಲ್ಲಿರುವ ಆರಕ್ಷರದ ಸಂಖ್ಯೆ ಜಿಡಿಎಸ್‌ನದಾಗಿರಬಹುದು, ಪೋರ್ಟಲ್‌ನದಾಗಿರಬಹುದು. ಏರ್‌ಲೈನ್ ಪಿಎನ್‌ಆರ್ ಬೇರೆ ಕೇಳಿ ಪಡೆದು ಏರ್‌ಲೈನ್ ವೆಬ್‌ಸೈಟ್‌ನಲ್ಲಿ ಹಾಕಿ ನೋಡಿ. ಅಲ್ಲೇ ನಿಮ್ಮ ಮೊಬೈಲ್, ಇಮೇಲ್ ಸರಿಯಿದೆಯೇ ನೋಡಿ, ಇಲ್ಲದಿದ್ದರೆ ಸೇರಿಸಿ. ಇ-ಟಿಕೆಟ್ ಸಂಖ್ಯೆ 13 ಅಂಕಿಯದು, ಮೊದಲ ಮೂರು ಏರ್‌ಲೈನ್‌ನ ಗುರುತು: ಏರ್ ಇಂಡಿಯಾ 098, ಎಮಿರೇಟ್ಸ್ 176, ಲುಫ್ತಾನ್ಸಾ 220. ಪಿಎನ್‌ಆರ್ ಇದ್ದು ಈ ಸಂಖ್ಯೆ ಇಲ್ಲದಿದ್ದರೆ ಸೀಟು ಹಿಡಿದಿದ್ದಾರೆ, ಟಿಕೆಟ್ ಮಾಡಿಲ್ಲ ಎಂದರ್ಥ. ಗಡುವು ಮುಗಿದ ರಾತ್ರಿ ಅದು ಮಾಯ. (ಕೆಲವು ಕಡಿಮೆ ದರದ ಏರ್‌ಲೈನ್‌ಗಳು ಇ-ಟಿಕೆಟ್ ಸಂಖ್ಯೆ ಕೊಡದೆ ಪಿಎನ್‌ಆರ್ ಮೇಲೆಯೇ ನಡೆಸುತ್ತವೆ, ಅಲ್ಲಿ ಈ ಪರೀಕ್ಷೆ ಹೊಂದುವುದಿಲ್ಲ.) ಕಂಪನಿ ಖರ್ಚಿನ ಪ್ರಯಾಣವಾದರೆ ಜಿಎಸ್‌ಟಿ ಸಂಖ್ಯೆಯನ್ನು ಬುಕಿಂಗ್ ಸಮಯದಲ್ಲೇ ಹಾಕಿಸಿ, ಆಮೇಲೆ ಸೇರಿಸುವುದು ತಲೆನೋವು. ಎಕಾನಮಿಗೆ 5%, ಅದಕ್ಕಿಂತ ಮೇಲಿನ ದರ್ಜೆಗಳಿಗೆ 2025ರ ಸೆಪ್ಟೆಂಬರ್ 22ರಿಂದ 18% ಜಿಎಸ್‌ಟಿ. ದರ ವಿವರದಲ್ಲಿ ಕೆ3 ಎಂದಿರುವುದು ಇದೇ. ವೈಕ್ಯೂ ಎಂದಿರುವುದು ಏರ್‌ಲೈನ್ ತಾನೇ ಹಾಕುವ ಶುಲ್ಕ, ಸರ್ಕಾರದ ತೆರಿಗೆಯಲ್ಲ.

ಹೆಸರಿನ ವಿಷಯ ಕನ್ನಡಿಗರಿಗೆ ಬಹಳ ಕಾಡುವಂಥದು. ನಮ್ಮಲ್ಲಿ ಅನೇಕರಿಗೆ ಮನೆತನದ ಹೆಸರಿಲ್ಲ, ಇನಿಷಿಯಲ್ ಮಾತ್ರ. ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಖಾಲಿ ಇರುತ್ತದೆ. ಆ್ಯಪ್ ಮಾತ್ರ ಸರ್‌ನೇಮ್ ತುಂಬದೆ ಮುಂದೆ ಬಿಡುವುದಿಲ್ಲ. ಆಗ ಕೆಲವರು ಇನಿಷಿಯಲ್ ಹಾಕುತ್ತಾರೆ, ಕೆಲವರು ಊರಿನ ಹೆಸರು, ಕೆಲವರು ಅಪ್ಪನ ಹೆಸರು. ಪಾಸ್‌ಪೋರ್ಟ್‌ನಲ್ಲಿ ಇಲ್ಲದ್ದನ್ನು ಹಾಕಬಾರದು. ಕೆಲವು ಏರ್‌ಲೈನ್‌ಗಳು ಇದ್ದ ಹೆಸರನ್ನೇ ಎರಡೂ ಕಡೆ ಬರೆಯಲು ಹೇಳುತ್ತವೆ, ಕೆಲವು ಎಫ್‌ಎನ್‌ಯು (ಫಸ್ಟ್ ನೇಮ್ ಅನ್‌ನೋನ್) ಎಂದು ಬರೆಯಲು ಹೇಳುತ್ತವೆ. ಕೊಳ್ಳುವ ಮೊದಲು ಆ ಏರ್‌ಲೈನ್‌ನ ಪದ್ಧತಿ ಕೇಳಬೇಕು. ಕೊಲ್ಲಿಗೆ ಹೋಗುವವರು ಇನ್ನೂ ಎಚ್ಚರದಿಂದಿರಬೇಕು: ಪಾಸ್‌ಪೋರ್ಟ್‌ನಲ್ಲಿ ಒಂದೇ ಪದದ ಹೆಸರಿದ್ದವರಿಗೆ ಯುಎಇ ಭೇಟಿ ವೀಸಾದ ಮೇಲಿನ ಪ್ರವೇಶವನ್ನು 2022ರ ನವೆಂಬರ್ 21ರಿಂದ ನಿರ್ಬಂಧಿಸಿತು. ಹೆಸರು ತಪ್ಪಾದರೆ ಜಿಡಿಎಸ್ ಟಿಕೆಟ್‌ನಲ್ಲಿ ಒಂದೆರಡು ಅಕ್ಷರವನ್ನು ಏರ್‌ಲೈನ್‌ನ ಹೆಲ್ಪ್‌ಡೆಸ್ಕ್‌ಗೆ ಬರೆದು ತಿದ್ದಿಸಲು ರೂಢಿಯಾದ ದಾರಿಯಿದೆ. ಪೋರ್ಟಲ್ ಮೂಲಕ ಆದ ಎನ್‌ಡಿಸಿ ಆರ್ಡರ್‌ನಲ್ಲಿ ಅದೇ ತಿದ್ದುಪಡಿಗೆ ಪೋರ್ಟಲ್‌ನ ಕಾಲ್ ಸೆಂಟರ್, ಅಲ್ಲಿಂದ ಏರ್‌ಲೈನ್, ಅಲ್ಲಿಂದ ಮರಳಿ ಪೋರ್ಟಲ್ ಎಂದು ಸುತ್ತಬೇಕಾಗುತ್ತದೆ. ವಿಮಾನ ನಾಳೆ ಬೆಳಗ್ಗೆ ಇದ್ದರೆ ಈ ಸುತ್ತು ಮುಗಿಯುವುದಿಲ್ಲ.

ಹಣ ವಾಪಸಾತಿಯ ಜಗಳಗಳಲ್ಲಿ ಹೆಚ್ಚಿನವು ಹುಟ್ಟುವುದೂ ಇಂಥ ಸುತ್ತಿನಿಂದಲೇ. ಏರ್‌ಲೈನ್ ಹಣವನ್ನು ಏಜೆನ್ಸಿಯ ಖಾತೆಗೆ ಅಥವಾ ಠೇವಣಿ ವಾಲೆಟ್‌ಗೆ ಹಾಕಿ "ಕೊಟ್ಟಾಯಿತು" ಅನ್ನುತ್ತದೆ. ನಡುವೆ ಸಗಟು ಏಜೆಂಟರು, ಪೋರ್ಟಲ್, ಸಣ್ಣ ಏಜೆಂಟರು ಎಂದು ಮೂರು ಕೈ ಇದ್ದರೆ ಪ್ರತಿ ಕೈಯಲ್ಲೂ ಹಣ ಸ್ವಲ್ಪ ದಿನ ಕೂರುತ್ತದೆ. ಏಜೆಂಟರು ಏರ್‌ಲೈನ್‌ಗಳು ನೇಮಿಸಿದ ಪ್ರತಿನಿಧಿಗಳಾದ್ದರಿಂದ ವಾಪಸಾತಿಯ ಹೊಣೆ ಏರ್‌ಲೈನ್‌ದೇ ಎಂದು ಡಿಜಿಸಿಎ ಸ್ಪಷ್ಟವಾಗಿ ಹೇಳಿದೆ. ರದ್ದತಿ ಶುಲ್ಕ ಮೂಲ ದರ ಮತ್ತು ಇಂಧನ ಶುಲ್ಕದ ಮೊತ್ತವನ್ನು ಮೀರುವಂತಿಲ್ಲ. ನಾನ್-ರಿಫಂಡಬಲ್ ಟಿಕೆಟ್ ಆದರೂ, ನೋ-ಶೋ ಆದರೂ, ವಿಮಾನ ನಿಲ್ದಾಣದ ಬಳಕೆದಾರ ಶುಲ್ಕ ಮತ್ತು ಶಾಸನಬದ್ಧ ತೆರಿಗೆಗಳನ್ನು ಮರಳಿಸಲೇಬೇಕು. ಹಣದ ಬದಲು ಕ್ರೆಡಿಟ್ ಶೆಲ್ (ಮುಂದಿನ ಟಿಕೆಟ್‌ಗೆ ಬಳಸುವ ಜಮಾ) ಬೇಕೋ ಬೇಡವೋ ಎಂಬುದು ಪ್ರಯಾಣಿಕರ ಆಯ್ಕೆ. ಇದನ್ನೆಲ್ಲ ಫೋನಿನಲ್ಲಿ ಕೇಳಬೇಡಿ. ಪಿಎನ್‌ಆರ್, ಟಿಕೆಟ್ ಸಂಖ್ಯೆ ನಮೂದಿಸಿ ಏರ್‌ಲೈನ್‌ಗೂ ಮಾರಿದವರಿಗೂ ಒಂದೇ ಇಮೇಲ್‌ನಲ್ಲಿ ಬರೆಯಿರಿ. ಅಮೆರಿಕ 2024ರ ನಿಯಮದಲ್ಲಿ ಇದನ್ನು ಸುಲಭ ಮಾಡಿದೆ: ಕಾರ್ಡ್ ಸ್ಟೇಟ್‌ಮೆಂಟ್‌ನಲ್ಲಿ ಯಾರ ಹೆಸರಿದೆಯೋ ಅವರೇ ಮರಳಿಸಬೇಕು. ನಮ್ಮಲ್ಲೂ ಆ ಸ್ಪಷ್ಟತೆ ಬಂದರೆ ಪ್ರಾಮಾಣಿಕ ಏಜೆಂಟರಿಗೇ ಲಾಭ.

ಈಗ ನಿಯಮದ ವಿಷಯಕ್ಕೆ ಬರುತ್ತೇವೆ. 2025ರ ಡಿಸೆಂಬರ್ ಮೊದಲ ವಾರ ಇಂಡಿಗೊ ವಿಮಾನಗಳು ಸಾಲುಸಾಲಾಗಿ ರದ್ದಾಗಿ ಉಳಿದ ವಿಮಾನಗಳ ದರ ಹಾರಿದಾಗ ಕೇಂದ್ರ ಸರ್ಕಾರ ಮಿತಿ ಹಾಕಿತು: 500 ಕಿ.ಮೀ. ವರೆಗೆ 7,500 ರೂಪಾಯಿ, 1,000 ಕಿ.ಮೀ. ವರೆಗೆ 12,000, 1,500 ಕಿ.ಮೀ. ವರೆಗೆ 15,000, ಅದಕ್ಕೂ ಮೇಲೆ 18,000. ತೆರಿಗೆ ಮತ್ತು ನಿಲ್ದಾಣ ಶುಲ್ಕ ಹೊರತಾಗಿ. ಏರ್‌ಲೈನ್ ವೆಬ್‌ಸೈಟ್‌ನಲ್ಲಿ ಕೊಂಡರೂ ಪೋರ್ಟಲ್‌ನಲ್ಲಿ ಕೊಂಡರೂ ಮಿತಿ ಒಂದೇ ಎಂದೂ, ಎಲ್ಲ ದರ ಬಕೆಟ್‌ಗಳಲ್ಲೂ ಸೀಟು ಇರಿಸಬೇಕೆಂದೂ ಆದೇಶದಲ್ಲಿತ್ತು. ಸರಿಯಾದ ಆದೇಶ. ಆದರೆ ಬಕೆಟ್‌ಗಳೇ ಇಲ್ಲದ ದಿನ ಆ ಕೊನೆಯ ಷರತ್ತಿಗೆ ಏನು ಅರ್ಥ? ಕೇಳಿದಾಗಲೇ ತಯಾರಾಗುವ ದರದಲ್ಲಿ ಯಾವ ಬಕೆಟ್ ತೆರೆದಿದೆ, ಯಾವುದು ಮುಚ್ಚಿದೆ ಎಂದು ಯಾರು ನೋಡುತ್ತಾರೆ?

1994ರಲ್ಲಿ ಏರ್ ಕಾರ್ಪೊರೇಷನ್ಸ್ ಕಾಯ್ದೆ ರದ್ದಾದ ಮೇಲೆ ದರ ನಿಗದಿ ಏರ್‌ಲೈನ್‌ಗಳಿಗೇ ಸೇರಿದ್ದು. 1937ರ ವಿಮಾನ ನಿಯಮಗಳ 135ನೇ ನಿಯಮ ಕೇಳುವುದು ದರ ಸಮಂಜಸವಾಗಿರಲಿ, ಪ್ರಕಟವಾಗಲಿ ಎಂದು. ಡಿಜಿಸಿಎಯ ದರ ನಿಗಾ ಘಟಕ ಆಯ್ದ ಮಾರ್ಗಗಳಲ್ಲಿ ಏರ್‌ಲೈನ್ ವೆಬ್‌ಸೈಟ್‌ಗಳ ದರವನ್ನು ಆಗಾಗ ನೋಡುತ್ತದೆ. ಕೆಎಸ್‌ಆರ್‌ಟಿಸಿ ನಿಲ್ದಾಣದ ದರಫಲಕ ಓದಿದಂತೆ ಓದಬಹುದಾದ ಕಾಲಕ್ಕೆ ಇದು ಸಾಕಾಗಿತ್ತು. ವೆಬ್‌ಸೈಟ್‌ನಲ್ಲಿ ಘಟಕದ ಅಧಿಕಾರಿಗೆ ಕಂಡ ದರವೇ ಕೊಪ್ಪಳದ ಏಜೆಂಟರ ಪರದೆಯಲ್ಲೂ ಕಾಣುತ್ತದೆಂಬ ಖಾತ್ರಿ ಇನ್ನು ಮುಂದೆ ಇರುವುದಿಲ್ಲ.

ತಂತ್ರಜ್ಞಾನದ ಮೇಲೆ ನಿಯಮ ಹಾಕಲಾಗದು ಎಂಬುದು ಸುಳ್ಳು. ಸೇಬರ್ ಪರದೆಯಲ್ಲಿ ಅಮೆರಿಕನ್ ಏರ್‌ಲೈನ್ಸ್ ವಿಮಾನಗಳೇ ಮೊದಲು ಕಾಣುವಂತೆ ಜೋಡಿಸುತ್ತಿದ್ದರು. ಪಟ್ಟಿಯ ಮೊದಲ ಪುಟದಲ್ಲಿದ್ದದ್ದೇ ಮಾರಾಟವಾಗುತ್ತದೆ ಎಂದು ಅವರಿಗೆ ಗೊತ್ತಿತ್ತು. 1984ರಲ್ಲಿ ಅಮೆರಿಕ ಅದನ್ನು ನಿಷೇಧಿಸಿತು, 1989ರಲ್ಲಿ ಯುರೋಪ್ ತನ್ನದೇ ಸಂಹಿತೆ ತಂದಿತು. ಪೈಪೋಟಿ ಹೆಚ್ಚಿತೆಂದು 2004ರಲ್ಲಿ ಅಮೆರಿಕ ಆ ನಿಯಮಗಳನ್ನು ಕೈಬಿಟ್ಟಿತು. ಅಂದರೆ ಬೇಕಾದಾಗ ಹಾಕಿದರು, ಬೇಡವಾದಾಗ ತೆಗೆದರು.

ಡಿಜಿಸಿಎ ತನ್ನ ಕರಡು ನಿಯಮಗಳನ್ನು ವೆಬ್‌ಸೈಟ್‌ನಲ್ಲಿ ಹಾಕಿ ಸಾರ್ವಜನಿಕರ ಅಭಿಪ್ರಾಯ ಕೇಳುತ್ತದೆ. ಮುಂದಿನ ಸಲ ಕೇಳಿದಾಗ ನಾವು ಬರೆಯಲಿರುವುದನ್ನು ಇಲ್ಲೂ ಬರೆಯುತ್ತೇವೆ. ಏರ್‌ಲೈನ್ ಕೊಡುವ ಪ್ರತಿ ಆಫರ್‌ಗೂ ಸಂಖ್ಯೆ, ಸಮಯ, ಅವಧಿ ಇದ್ದೇ ಇರುತ್ತದೆ. ಮಾರಾಟವಾದ ಆರ್ಡರ್‌ಗಳ ಈ ದಾಖಲೆಯನ್ನು ಇಂತಿಷ್ಟು ಕಾಲ ಇಟ್ಟುಕೊಂಡು ನಿಗಾ ಘಟಕ ಕೇಳಿದಾಗ ಕೊಡುವುದು ಕಡ್ಡಾಯವಾಗಲಿ. ವೆಬ್‌ಸೈಟ್ ನೋಡುವ ಬದಲು ಘಟಕ ಮಾರಾಟವಾದ ದರವನ್ನೇ ನೋಡಲಿ. ಹಣ ಪಾವತಿಸುವ ಮೊದಲಿನ ಪುಟದಲ್ಲಿ, ದಿನಾಂಕ ಬದಲಾವಣೆಗೆ, ರದ್ದತಿಗೆ, ಹೆಸರು ತಿದ್ದಲು ಯಾರನ್ನು ಕೇಳಬೇಕು ಎಂಬ ಒಂದು ಸಾಲು ಪ್ರಯಾಣಿಕರ ಭಾಷೆಯಲ್ಲಿ ಇರಲಿ. ಏರ್‌ಲೈನ್, ಪೋರ್ಟಲ್, ಏಜೆಂಟ್ ಈ ಮೂವರಲ್ಲಿ ಒಬ್ಬರ ಹೆಸರು, ಫೋನ್ ಸಂಖ್ಯೆ ಸಾಕು. ಯಾವುದೇ ಏರ್‌ಲೈನ್ ಹಳೆಯ ಕೊಳವೆಯಿಂದ ದರಗಳನ್ನು ಹಿಂತೆಗೆಯುವ ಮೊದಲು, ಸಮಯ ಬದಲಾವಣೆಯ ಸಂದೇಶ ಹೊಸ ಕೊಳವೆಯಲ್ಲಿ ಕೊನೆಯ ಏಜೆಂಟರವರೆಗೂ ಮುಟ್ಟುತ್ತದೆಂದು ಪರೀಕ್ಷಿಸಿ ತೋರಿಸಲಿ. ಪ್ರಯಾಣಿಕರ ನಂಬರ್ ಬದಲು ಅಂಗಡಿಯ ನಂಬರ್ ಹಾಕಿದ ಏಜೆನ್ಸಿಗೆ ಎಡಿಎಂ ಬರಲಿ. ನಮ್ಮ ಮೇಲೇ ಬಂದರೂ ಸರಿ.

ಇತಿ,
ಟಿಕೆಟಿಂಗ್ ಕೌಂಟರ್‌ಗಳ ಕೆಲವು ನೌಕರರು,
ಮಂಗಳೂರು